ಚೈತ್ರದ ಸಂತೆಯಲ್ಲಿ ಒಂದೇ ಅಂಗಡಿ

(ಸದಸ್ಯರ ಅಧ್ಯಯನ ಪಾಠ)



ಅಡಿಕೆ ಸುಲಿತ ಮುಗಿಯಿತು. ರೊಬಸ್ಟಾ ಕಣದಿಂದ ಏಳುತ್ತಿದೆ. ಕಾಳುಮೆಣಸಿನ ಏಣಿ ಇನ್ನೂ ಮರದಿಂದ ಮರಕ್ಕೆ ಹೋಗುತ್ತಿದೆ. ಹೂಮಳೆ ಸಕಾಲಕ್ಕೆ ಬಾರದಿದ್ದರೆ ಕಾಫಿಗೆ ನೀರು ಹಾರಿಸಬೇಕು. ಅಡಿಕೆಗಂತೂ ಬಿಸಿಲು ಏರಿದಂತೆ ನೀರು ಬೇಕೇ ಬೇಕು. ಪಂಪಿಗೆ ಡೀಸೆಲ್, ಆಳಿಗೆ ಕೂಲಿ, ಮಕ್ಕಳ ಶಾಲೆಯ ಖರ್ಚು ಎಲ್ಲವೂ ಒಟ್ಟಿಗೆ ಬರುವ ಕಾಲವಿದು. ಫಸಲು ಮಾರಿದ ಹಣದ ಬಹುಪಾಲು ಸಾಲಕ್ಕೆ ಜಮೆಯಾಗಿರುತ್ತದೆ. ಹೀಗಾಗಿ ಚೈತ್ರ, ವೈಶಾಖಗಳಲ್ಲಿ ಸಣ್ಣ ಹಿಡುವಳಿದಾರನ ಕೈ ಬರಿದಾಗಿರುವುದು ಹೊಸ ಸಂಗತಿಯೇನಲ್ಲ.

ಆದರೆ ಇದೇ ಎರಡು ತಿಂಗಳಲ್ಲಿ ನಮ್ಮ ತೋಟದ ಅಂಚು ಬರಿದಾಗಿರುವುದಿಲ್ಲ. ಹಲಸಿನ ಮರದಲ್ಲಿ ಗುಜ್ಜೆ, ಹೊಳೆದಂಡೆಯಲ್ಲಿ ಮಾವಿನ ಮಿಡಿ, ಅಡಿಕೆಯ ನಡುವೆ ಬಾಳೆಗೊನೆ, ಬೇಲಿಯಲ್ಲಿ ನುಗ್ಗೆ, ಬಾವಿಕಟ್ಟೆಯ ಬಳಿ ಒಂದೆಲಗ, ಜೊತೆಗೆ ನಿಂಬೆ, ವೀಳ್ಯದೆಲೆ, ಬಾಳೆದಿಂಡು, ಪೆಟ್ಟಿಗೆಯ ತುಡುವೆ ಜೇನು ಎಲ್ಲವೂ ಇರುತ್ತವೆ. ಇವುಗಳಲ್ಲಿ ಮನೆಗೆ ಬಳಸುವುದು ಕೊಂಚ. ಉಳಿದದ್ದು ನೆಂಟರಿಗೆ, ದನಕ್ಕೆ, ಕೊನೆಗೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಇವನ್ನು ವಾರದ ಸಂತೆಗೆ ಒಯ್ದು ಲಾಭವಾಗುವಂತೆ ಮಾರುವುದು ಹೇಗೆಂಬುದೇ ಈ ಸಂಚಿಕೆಯ ಪಾಠ.

1. ಸಂತೆ ನಮಗೇಕೆ ಒಗ್ಗಲಿಲ್ಲ?

ನಾವು ವರ್ಷಕ್ಕೊಮ್ಮೆ ಮಾರುವ ಜನ. 1942ರ ಕಾಫಿ ಕಾಯಿದೆಯಡಿ ಬೆಳೆದ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತಿನ ಹಣಕ್ಕೆ ಕಾಯುವುದು ಹಿರಿಯರ ಕಾಲದ ಪದ್ಧತಿಯಾಗಿತ್ತು. 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಮಾರಾಟದ ಪೂರ್ಣ ಸ್ವಾತಂತ್ರ್ಯ ಬಂದಿತು. ಅಡಿಕೆಯ ದಾರಿ ಬೇರೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ ಹುಟ್ಟಿತು. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ದಿನಗಳಲ್ಲಿ, 1973ರಲ್ಲಿ, ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಸರಿಯಾದ ತೂಕ, ದರ್ಜೆವಾರು ವಿಂಗಡಣೆ, ಬಹಿರಂಗ ವ್ಯವಹಾರ, ಒಬ್ಬೊಬ್ಬರೇ ನಿಂತು ಬೆಲೆ ಕೇಳದೆ ಎಲ್ಲರೂ ಸೇರಿ ಕೇಳುವುದು, ಇವೇ ನಮ್ಮ ಸಹಕಾರದ ಬುನಾದಿ.

ಅಡಿಕೆಯ ಮೂಟೆಗೆ ಈ ನಿಯಮವನ್ನು ತಪ್ಪದೆ ಪಾಲಿಸುವ ನಾವು, ಗುಜ್ಜೆಯ ಬುಟ್ಟಿ ಹೊತ್ತು ಸಂತೆಗೆ ಹೋದಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ಅಲ್ಲಿ ಪ್ರತಿಯೊಬ್ಬರೂ ಒಂಟಿ. ಸಂತೆಯ ಸೋಲಿಗೆ ಇದೇ ಮೂಲ.

2. ನಾವೇ ಮಾಡಿದ ತಪ್ಪು

ನಮ್ಮದೇ ಅನುಭವವನ್ನು ಮುಚ್ಚಿಡದೆ ಹೇಳುತ್ತೇವೆ. ಯುಗಾದಿಯ ಹಿಂದಿನ ಒಂದು ಸಂತೆಗೆ ನಮ್ಮ ಕೇರಿಯ ಐದು ಮನೆಯವರು ಬೇರೆಬೇರೆಯಾಗಿ ಹೋದೆವು. ಐವರ ಬಳಿಯೂ ಗುಜ್ಜೆ, ಐವರ ಬಳಿಯೂ ಬಾಳೆಕಾಯಿ. ಒಬ್ಬರು ಹೇಳಿದ ಬೆಲೆಯನ್ನು ಗಿರಾಕಿ ಮುಂದಿನವರ ಬಳಿ ಹೇಳಿ ಐದು ರೂಪಾಯಿ ಇಳಿಸಿದ. ಅವರಿಂದ ಮತ್ತೊಬ್ಬರ ಬಳಿ ಹೋಗಿ ಇನ್ನೈದು ಇಳಿಸಿದ. ಮಧ್ಯಾಹ್ನ ಬಸ್ಸಿನ ಹೊತ್ತಾದಾಗ ಉಳಿದ ಮಾಲನ್ನೆಲ್ಲ ಒಬ್ಬ ವ್ಯಾಪಾರಿಗೆ ಗುಡ್ಡೆಯ ಲೆಕ್ಕದಲ್ಲಿ ಕೊಟ್ಟು ಕೈತೊಳೆದುಕೊಂಡೆವು. ನಾವು ಬಸ್ಸು ಹತ್ತುವ ಮೊದಲೇ ಆತ ಅದೇ ಗುಜ್ಜೆಯನ್ನು ಬಿಡಿಯಾಗಿ ನಮ್ಮ ಬೆಳಗಿನ ಬೆಲೆಗೆ ಮಾರುತ್ತಿದ್ದ.

ಆತನನ್ನು ದೂರಿ ಫಲವಿಲ್ಲ. ಆತನಿಗೆ ಸಂಜೆಯವರೆಗೆ ಕೂರುವ ಪುರುಸೊತ್ತಿತ್ತು, ನಮಗಿರಲಿಲ್ಲ. ನಮ್ಮ ಬೆಲೆಯನ್ನು ಇಳಿಸಿದವರು ನಾವೇ.

3. ಲೆಕ್ಕ ನೋಡೋಣ

ಕಲಿಕೆಗಾಗಿ ಒಂದು ಕಲ್ಪಿತ ಲೆಕ್ಕ ಕೊಡುತ್ತೇವೆ. ನಿಮ್ಮ ಊರಿನ ದರ ಹಾಕಿ ನೀವೇ ತಾಳೆ ನೋಡಿಕೊಳ್ಳಿ.

ಐದು ಮನೆಯವರು ತಲಾ 600 ರೂ. ಮಾಲು ಒಯ್ದರೆಂದುಕೊಳ್ಳಿ. ಒಟ್ಟು 3,000 ರೂ. ಬಸ್ಸಿನ ಲಗೇಜು, ಸಂತೆ ಸುಂಕ ಸೇರಿ ತಲಾ 100ರಂತೆ 500 ರೂ. ಖರ್ಚು. ಐದು ಜನರ ಒಂದು ದಿನದ ದುಡಿಮೆಗೆ ತಲಾ 500 ಎಂದರೆ 2,500 ರೂ. ಉಳಿತಾಯ ಸೊನ್ನೆ. ನಮ್ಮಲ್ಲಿ ಹೆಚ್ಚಿನವರು ಮನೆಯವರ ದಿನಕ್ಕೆ ಬೆಲೆ ಕಟ್ಟುವುದಿಲ್ಲ, ಅದರಲ್ಲೂ ಹೆಂಗಸರ ದಿನಕ್ಕೆ ಕಟ್ಟುವುದೇ ಇಲ್ಲ. ಆದ್ದರಿಂದ ಈ ಸೊನ್ನೆ ಲಾಭದಂತೆ ಕಾಣುತ್ತದೆ.

ಅದೇ ಮಾಲನ್ನು ಒಂದೇ ಜೀಪಿನಲ್ಲಿ ಕಳಿಸಿ, ಇಬ್ಬರು ಕೂತು ಮಾರಿದರೆ? ಜೀಪಿಗೆ 600, ಸುಂಕ 40, ಇಬ್ಬರ ಕೂಲಿ 1,000. ಒಟ್ಟು 1,640 ರೂ. ಹತ್ತರಲ್ಲೊಂದು ಪಾಲು ಮಾರಾಟವಾಗದೆ ಉಳಿಯಿತೆಂದು 300 ಕಳೆಯಿರಿ. ಆಗಲೂ 1,060 ರೂ. ಕೈಗೆ ಬರುತ್ತದೆ. ಮನೆಗೆ 212. ದೊಡ್ಡ ಮೊತ್ತವಲ್ಲ, ನಿಜ. ಆದರೆ ಹತ್ತು ಸಂತೆಗೆ ಅದು 2,120 ಆಗುತ್ತದೆ. ಕೂತು ಮಾರಿದವರಿಗೆ ಕೂಲಿಯೂ ಸಿಕ್ಕಿತು, ಉಳಿದ ಮೂವರಿಗೆ ಮೆಣಸು ಕೊಯ್ಯಲು ಒಂದು ದಿನವೂ ಉಳಿಯಿತು. ಬೆಲೆ ಇಳಿಸುವ ಪೈಪೋಟಿ ತಪ್ಪಿದ್ದರ ಲಾಭವನ್ನು ಇಲ್ಲಿ ಹಿಡಿದೇ ಇಲ್ಲ.

4. ಅಂಗಡಿಯ ಕಟ್ಟಳೆ

ರೈತನೇ ಕೂತು ಮಾರುವ ಸಂತೆಗಳು ಬೇರೆ ರಾಜ್ಯಗಳಲ್ಲೂ ನಡೆದುಬಂದಿವೆ. ಪಂಜಾಬಿನಲ್ಲಿ 1987ರಲ್ಲಿ ‘ಅಪ್ನಿ ಮಂಡಿ’ ಆರಂಭವಾಯಿತು. 1999ರಲ್ಲಿ ಆಂಧ್ರದಲ್ಲಿ ‘ರೈತು ಬಜಾರ್’, ತಮಿಳುನಾಡಿನಲ್ಲಿ ‘ಉಳವರ್ ಸಂದೈ’ ಬಂದವು. ಬೆಳೆಗಾರನೆಂಬ ಗುರುತಿನ ಚೀಟಿ, ಎಲ್ಲರಿಗೂ ಕಾಣುವಂತೆ ಬರೆದ ದರದ ಹಲಗೆ, ನಂಬಿಕೆಯ ತಕ್ಕಡಿ, ಇವು ಅಲ್ಲಿನ ಮುಖ್ಯ ಏರ್ಪಾಡುಗಳು. ದರವನ್ನು ಸಗಟು ಬೆಲೆಗಿಂತ ಮೇಲೆ, ಚಿಲ್ಲರೆ ಅಂಗಡಿಯ ಬೆಲೆಗಿಂತ ಕೆಳಗೆ ಇಡುವುದು ಅಲ್ಲಿನ ಸೂತ್ರ. ಕೊಡುವವನಿಗೂ ಕೊಳ್ಳುವವನಿಗೂ ಅದರಿಂದ ಹಿತ. ಇಷ್ಟನ್ನು ಐದು ಮನೆಯವರೂ ಮಾಡಬಹುದು:

ಅ) ಸಂತೆಯ ಹಿಂದಿನ ಸಂಜೆ ಒಂದು ಮನೆಯಲ್ಲಿ ಮಾಲು ಸೇರಿಸಿ, ಎಲ್ಲರೆದುರು ತೂಗಿ, ಪುಸ್ತಕದಲ್ಲಿ ಮನೆವಾರು ಬರೆಯಿರಿ.

ಆ) ಒಳ್ಳೆಯದು, ಸಾಧಾರಣ ಎಂದು ಎರಡು ದರ್ಜೆ ಮಾಡಿ. ವಿಂಗಡಿಸುವವರು ಯಾರ ಮಾಲು ಯಾವುದೆಂದು ನೋಡಬಾರದು. ಜಗಳ ಹುಟ್ಟುವುದು ಇಲ್ಲಿಯೇ. ನಮ್ಮಲ್ಲಿಯೂ ಹುಟ್ಟಿತು. ವಾರಕ್ಕೊಬ್ಬರಂತೆ ವಿಂಗಡಣೆಯ ಸರದಿ ಹಾಕಿದ ಮೇಲೆ ತಣ್ಣಗಾಯಿತು.

ಇ) ಬೆಳಗಿನ ದರ, ಮಧ್ಯಾಹ್ನದ ದರ, ಇದಕ್ಕಿಂತ ಕೆಳಗಿಳಿಯಬಾರದೆಂಬ ಕೊನೆಯ ದರ, ಈ ಮೂರನ್ನೂ ಮನೆಯಲ್ಲೇ ನಿಶ್ಚಯಿಸಿಕೊಂಡು ಹೊರಡಿ.

ಈ) ತಕ್ಕಡಿಗೂ ಬೊಟ್ಟಿಗೂ ಅಳತೆ ಮತ್ತು ತೂಕ ಇಲಾಖೆಯ ಮುದ್ರೆ ಇರಲಿ. ಸುಂಕಕ್ಕೆ ರಸೀತಿ ಕೇಳಿ ಪಡೆಯಿರಿ.

ಉ) ಬಂದ ಹಣವನ್ನು ಮಾಲುವಾರು, ದರ್ಜೆವಾರು ಹಂಚಿರಿ. ಖರ್ಚನ್ನೂ ಉಳಿಕೆ ಮಾಲನ್ನೂ ಒಯ್ದ ಮಾಲಿನ ಬೆಲೆಗೆ ತಕ್ಕಂತೆ ಹೊರಿಸಿರಿ. ಅಂದಿನ ಲೆಕ್ಕ ಅಂದೇ ಮುಗಿಯಲಿ.

5. ಮಾಲಿನ ಸಿದ್ಧತೆ

ಗುಜ್ಜೆ: ತೊಟ್ಟು ಉಳಿಸಿ ಕೊಯ್ದು, ಮೇಣ ಇಳಿದು ಒಣಗಿದ ಮೇಲೆ ಬುಟ್ಟಿಗೆ ಹಾಕಿ. ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತದೆ. ಗಿರಾಕಿ ಕೇಳಿದಾಗಲೇ ಕತ್ತರಿಸಿ ಕೊಟ್ಟರೆ ಪಟ್ಟಣದ ಗೃಹಿಣಿಯರು ಮುಂದಿನ ವಾರವೂ ಹುಡುಕಿಕೊಂಡು ಬರುತ್ತಾರೆ.

ಮಾವಿನ ಮಿಡಿ: ಇದು ಎಣಿಕೆಯಲ್ಲಿ ಮಾರುವ ಮಾಲು. ಉದುರಿಸಿದ ಮಿಡಿಗೆ ಪೆಟ್ಟು ಬಿದ್ದಿರುತ್ತದೆ. ಹಾಗೆ ಪೆಟ್ಟಾದ ಒಂದು ಮಿಡಿ ಉಪ್ಪುನೀರಿನ ಭರಣಿಯನ್ನೇ ಕೆಡಿಸಬಲ್ಲದು. ತೊಟ್ಟಿನ ಸಮೇತ ಕೈಯಲ್ಲಿ ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸಿ. ಪ್ಲಾಸ್ಟಿಕ್ ಚೀಲಕ್ಕೆ ತುರುಕದೆ ನೆರಳಿನಲ್ಲಿ ಹರಡಿಡಿ. ಬಲ್ಲವರು ತೊಟ್ಟು ಮುರಿದು ಸೊನೆಯ ಪರಿಮಳ ನೋಡಿಯೇ ಕೊಳ್ಳುತ್ತಾರೆ. ಆದ್ದರಿಂದ ಜೀರಿಗೆ ಮಿಡಿಯನ್ನು ಬೇರೆ ಮಿಡಿಯೊಂದಿಗೆ ಬೆರೆಸಬೇಡಿ. ಒಂದು ಸಲ ಮೋಸ ಹೋದ ಗಿರಾಕಿ ಐದೂ ಮನೆಗಳನ್ನು ನೆನಪಿಟ್ಟುಕೊಳ್ಳುತ್ತಾನೆ.

ಕಾಳುಮೆಣಸು: ಹೆಚ್ಚಿನ ಪಾಲು ಸಂಘಕ್ಕೇ ಹೋಗಲಿ. ಮನೆಬಳಕೆಗೆ ಕೇಳುವವರಿಗಾಗಿ ಕೆಲವು ಕಿಲೋ ಹಸನು ಮಾಡಿ ಒಯ್ಯಬಹುದು. ಹಲ್ಲಿನಲ್ಲಿ ಕಚ್ಚಿದರೆ ಚಟ್ಟನೆ ಒಡೆಯಬೇಕು. ಮೆತ್ತಗಿದ್ದರೆ ಇನ್ನೂ ಬಿಸಿಲು ಬೇಕು ಎಂದರ್ಥ.

ಸೊಪ್ಪು, ವೀಳ್ಯದೆಲೆ: ಬೆಳಗಿನ ತಂಪಿನಲ್ಲಿ ಕೊಯ್ದು ಬಾಳೆಎಲೆಯಲ್ಲಿ ಸುತ್ತಿ ಒಯ್ಯಿರಿ. ಔಷಧಿ ಸಿಂಪಡಿಸಿದ ತೋಟದ ಎಲೆಯನ್ನು ಹೇಳಿದ ದಿನಗಳು ಕಳೆಯದೆ ತರಬೇಡಿ.

ಉಪ್ಪಿನಕಾಯಿ, ಹಪ್ಪಳ, ಕಾಫಿಪುಡಿ ಮಾಡಿ ಮಾರಲು ಬಯಸುವವರು 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಮೊದಲು ನೋಂದಣಿ ಮಾಡಿಸಿಕೊಳ್ಳುವುದು ಅಗತ್ಯ. ಸ್ವಂತ ತೋಟದ ಹಸಿ ಕಾಯಿಪಲ್ಲೆಗೆ ಈ ಕಟ್ಟುಪಾಡಿಲ್ಲ.

6. ಮರ ಉಳಿದರೆ ಸಂತೆ

ಒಂದು ಎಚ್ಚರಿಕೆಯ ಮಾತು. ಮಿಡಿಗೆ ಬೆಲೆ ಬಂದಂತೆ ಹೊಳೆಸಾಲಿನ ಮರಗಳಿಗೆ ಕೊಡಲಿ ಬೀಳುತ್ತಿದೆ. ಹತ್ತುವ ಶ್ರಮ ತಪ್ಪಿಸಲು ಕೊಂಬೆಯನ್ನೇ ಕಡಿದು ನೆಲದ ಮೇಲೆ ಮಿಡಿ ಬಿಡಿಸುವವರಿದ್ದಾರೆ. ಆ ಕೊಂಬೆ ಮತ್ತೆ ಫಲಕ್ಕೆ ಬರಬೇಕಾದರೆ ಎಷ್ಟೋ ವರ್ಷ ಬೇಕು. ಬೀಜದಿಂದ ಹುಟ್ಟಿದ ಸಸಿಯಲ್ಲಿ ತಾಯಿಮರದ ಪರಿಮಳವೇ ಬರುತ್ತದೆಂಬ ಭರವಸೆಯಿಲ್ಲ. ಕಸಿ ಕಟ್ಟಿ ಉಳಿಸಿಕೊಳ್ಳದಿದ್ದರೆ ಆ ಮರದೊಂದಿಗೆ ಆ ರುಚಿಯೂ ಹೋಯಿತು. ಕೊಂಬೆ ಕಡಿದ ಮಿಡಿಯನ್ನು ನಮ್ಮ ಅಂಗಡಿಗೆ ಸೇರಿಸುವುದಿಲ್ಲವೆಂದು ನಾವು ಐದು ಮನೆಯವರು ನಿಶ್ಚಯಿಸಿದ್ದೇವೆ. ಒಂದು ವರ್ಷ ಬುಟ್ಟಿ ಚಿಕ್ಕದಾದರೂ ಚಿಂತೆಯಿಲ್ಲ.

ಈ ಅಂಗಡಿಯಿಂದ ಯಾರ ಸಾಲವೂ ತೀರಿಲ್ಲ. ಆದರೆ ಕಾಫಿಗೆ ನೀರು ಹಾರಿಸುವ ವಾರ ಡೀಸೆಲ್ಲಿಗಾಗಿ, ಇನ್ನೂ ಒಣಗದ ಮೆಣಸನ್ನು ಸಿಕ್ಕಿದ ಬೆಲೆಗೆ ಕೊಡುವ ಪರಿಪಾಠ ನಮ್ಮ ಕೇರಿಯಲ್ಲಿ ನಿಂತಿದೆ. ಮೆಣಸು ಒಣಗಿ ಸಂಘಕ್ಕೆ ಹೋಗುವಷ್ಟು ದಿನ ಕಾಯಲು ಸಂತೆಯ ಹಣ ಸಾಕಾಯಿತು. ಚಿಕ್ಕ ಬೆಳೆಯ ಚಿಲ್ಲರೆ ಹಣ ದೊಡ್ಡ ಬೆಳೆಯ ಮಾನ ಕಾಯಿತು ಎನ್ನಬಹುದು.

ಸದಸ್ಯರು ಮುಂದಿನ ಸಭೆಗೆ ಬರುವಾಗ ಈ ಪ್ರಶ್ನೆಗಳಿಗೆ ಉತ್ತರ ಬರೆದು ತರಬೇಕೆಂದು ಕೋರುತ್ತೇವೆ:

1. ನಿಮ್ಮ ತೋಟದಲ್ಲಿ ಚೈತ್ರ, ವೈಶಾಖಗಳಲ್ಲಿ ವ್ಯರ್ಥವಾಗುವ ಮಾಲು ಯಾವುದು, ವಾರಕ್ಕೆ ಎಷ್ಟು?

2. ಕಳೆದ ಸಲ ಸಂತೆಗೆ ಹೋದಾಗ ನಿಮ್ಮ ದಿನದ ಕೂಲಿ ಹಿಡಿದು ಎಷ್ಟು ಉಳಿಯಿತು?

3. ನಿಮ್ಮೊಡನೆ ಒಂದೇ ತಕ್ಕಡಿಯ ಹಿಂದೆ ಕೂರಲು ಒಪ್ಪುವ ನಾಲ್ಕು ಮನೆಗಳು ಯಾವುವು?

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದವರು ಸಭೆಯವರೆಗೂ ಕಾಯಬೇಕಾಗಿಲ್ಲ. ಈ ವಾರದ ಸಂತೆಗೇ ಹೊರಡಬಹುದು.