ಊಟ ಹಂಚುವುದಕ್ಕೂ ಆತ್ಮಭರಿತರು ಬೇಕು (ಅಪೊಸ್ತಲರ ಕೃತ್ಯಗಳು 6:1-7)

ಬೈಬಲ್ ತಂದವರು ಬೈಬಲ್ ತೆಗೆಯಿರಿ, ಮೊಬೈಲಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡಿ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ, 1ರಿಂದ 7ನೇ ವಚನ.

ವಾಕ್ಯಕ್ಕೆ ಹೋಗುವ ಮುಂಚೆ ನನ್ನದೇ ಒಂದು ತಪ್ಪನ್ನು ಹೇಳಿಬಿಡ್ತೀನಿ. ನಮ್ಮ ಸಭೆಯ ಒಬ್ಬ ತಾಯಿಗೆ ಎಪ್ಪತ್ತು ದಾಟಿದೆ. ಎರಡನೇ ಮಹಡಿಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಗ ಹೊರದೇಶದಲ್ಲಿ. ಮೂರು ಭಾನುವಾರ ಅವರು ಆರಾಧನೆಗೆ ಬರಲಿಲ್ಲ. ನಾನೇನು ಮಾಡಿದೆ? ವಾಟ್ಸಾಪಲ್ಲಿ ಕೈಮುಗಿದ ಇಮೋಜಿ ಹಾಕಿ, ‘ಪ್ರಾರ್ಥಿಸ್ತಾ ಇದ್ದೀವಿ ಆಂಟಿ’ ಅಂತ ಕಳಿಸಿದೆ.

ನಾಲ್ಕನೇ ವಾರ ಮನೆಗೆ ಹೋದೆ. ಅಡುಗೆಮನೆ ಕತ್ತಲು. ಬಲ್ಬು ಹೋಗಿ ಹದಿನೈದು ದಿನ ಆಗಿತ್ತು. ಕತ್ತಲಲ್ಲಿ ಒಲೆ ಹಚ್ಚೋಕೆ ಭಯ, ಅದಕ್ಕೆ ರಾತ್ರಿ ಬ್ರೆಡ್ ತಿಂದು ಮಲಗ್ತಿದ್ದರು. ಮೆಟ್ಟಿಲಿನ ಹಿಡಿಕೆ ಸಡಿಲವಾಗಿತ್ತು, ಅದಕ್ಕೆ ಕೆಳಗೆ ಇಳಿದಿರಲಿಲ್ಲ. ನಾನು ಪ್ರಾರ್ಥನೆ ಮಾಡಿ ಆಮೆನ್ ಅಂದ ಮೇಲೆ ಅವರು ನಕ್ಕು, ‘ಪ್ರಾರ್ಥನೆ ಬೇಕು ಪಾಸ್ಟರ್. ಆದ್ರೆ ಸ್ಟೂಲ್ ಹತ್ತೋರೂ ಬೇಕು’ ಅಂದರು.

ಮಗ ವೃದ್ಧಾಶ್ರಮ ನೋಡ್ತಾ ಇದ್ದ. ಅವನದು ತಪ್ಪಲ್ಲ, ಅವನಿಗೂ ಭಯ. ಆದರೆ ತಾಯಿಗೆ ಇಷ್ಟ ಇಲ್ಲ. ಗಂಡನ ಜೊತೆ ಬಾಳಿದ ಮನೆ, ಪರಿಚಯದ ಬೀದಿ. ದೇವಜನರೇ, ಯೋಚಿಸಿ. ಅವರನ್ನ ಆ ಮನೆಯಿಂದ ಹೊರಗೆ ತಳ್ಳುತ್ತಾ ಇದ್ದದ್ದು ಮುಪ್ಪಲ್ಲ. ಒಂದು ಬಲ್ಬು, ಒಂದು ಹಿಡಿಕೆ.

ಈಗ ವಾಕ್ಯ ನೋಡೋಣ. ಯೆರೂಸಲೇಮಿನ ಸಭೆ ದಿನೇದಿನೇ ಬೆಳೀತಾ ಇದೆ. ಪಂಚಾಶತ್ತಮ ದಿನದ ಬೆಂಕಿ ಇಳಿದ ಸಭೆ ಅದು. ಅಂಥ ಸಭೆಯಲ್ಲೇ ಒಂದು ದೂರು ಎದ್ದಿತು: ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗ್ತಿದ್ದಾರೆ. ಯಾರೋ ಬೇಕಂತಲೇ ಬಿಟ್ಟರು ಅಂತ ಲೂಕನು ಬರೆದಿಲ್ಲ. ಆತ್ಮಭರಿತ ಸಭೆಯಲ್ಲೂ ಕೆಲವರು ಕಣ್ಣಿಗೆ ಬೀಳದೆ ಹೋಗಬಹುದು.

ಅಪೊಸ್ತಲರು ಆ ದೂರನ್ನ ಗುಣುಗುಟ್ಟುವಿಕೆ ಅಂತ ಗದರಿಸಲಿಲ್ಲ. ಏಳು ಜನರನ್ನ ಆರಿಸಿರಿ ಅಂದರು. ಆ ಏಳು ಹೆಸರುಗಳನ್ನ ಗಮನಿಸಿ, ಎಲ್ಲವೂ ಗ್ರೀಕ್ ಹೆಸರುಗಳೇ. ದೂರು ಎಲ್ಲಿಂದ ಬಂತೋ ಆ ಕಡೆಯವರ ಕೈಗೇ ಕೆಲಸ ಕೊಟ್ಟ ಹಾಗಿದೆ. ಊಟ ಹಂಚೋಕೆ ಕೇಳಿದ ಅರ್ಹತೆ ಏನು? ಒಳ್ಳೇ ಹೆಸರು, ಆತ್ಮ, ಜ್ಞಾನ. ಆಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಾವು ಅಭಿಷೇಕ ಬೇಕು ಅಂತ ಕಣ್ಣೀರಿಡ್ತೀವಿ. ಆ ಅಭಿಷೇಕ ಇಲ್ಲಿ ಹೋಗಿ ನಿಂತಿದ್ದು ಎಲ್ಲಿ? ವಿಧವೆಯ ತಟ್ಟೆಯ ಮುಂದೆ. 7ನೇ ವಚನದಲ್ಲಿ ವಾಕ್ಯ ಹಬ್ಬಿತು, ಶಿಷ್ಯರು ಹೆಚ್ಚಿದರು.

ಈ ಪಾಠ ತಯಾರಿಸುವಾಗ ಅಮೆರಿಕದ ಬಾಸ್ಟನ್ ನಗರದ ಒಂದು ವಿಷಯ ಓದಿದೆ. ಅದು ಸಭೆಯ ಕೆಲಸವಲ್ಲ, ನೆರೆಹೊರೆಯವರ ಕೆಲಸ. ಬೀಕನ್ ಹಿಲ್ ಎಂಬ ಹಳೇ ಬಡಾವಣೆಯ ಹಿರಿಯರು, ನಮ್ಮ ಮನೆ ಬಿಟ್ಟು ಹೋಗಬಾರದು ಅಂತ ಸೇರಿಕೊಂಡು, 2002ರಲ್ಲಿ ‘ಬೀಕನ್ ಹಿಲ್ ವಿಲೇಜ್’ ಶುರುಮಾಡಿದರು. ವರ್ಷಕ್ಕೊಂದು ಶುಲ್ಕ ಕಟ್ಟಿ ಸದಸ್ಯರಾಗ್ತಾರೆ. ಒಂದು ಫೋನ್ ಮಾಡಿದರೆ ಡಾಕ್ಟರ ಬಳಿ ಹೋಗಲು ಗಾಡಿ, ದಿನಸಿ, ನಂಬಬಹುದಾದ ಪ್ಲಂಬರ್, ಕಂಪ್ಯೂಟರಿಗೆ ಸಹಾಯ ಸಿಗುತ್ತೆ. ಈಗ ಅಮೆರಿಕದಲ್ಲಿ ಇಂಥ ಗುಂಪುಗಳು 200ಕ್ಕೂ ಹೆಚ್ಚಿವೆ. ಎಷ್ಟೋ ಕಡೆ ಸಹಾಯಕ್ಕೆ ಬರುವ ಸ್ವಯಂಸೇವಕರೂ ವಯಸ್ಸಾದವರೇ. ಇಲ್ಲಿ ನನಗೆ ತಾಗಿದ ಮಾತು ಇದು: ಏನು ಬೇಕು ಅಂತ ಹೇಳುವವರು ಹಿರಿಯರೇ. ನಾವು ತೀರ್ಮಾನ ಮಾಡಿ ಅವರ ಮೇಲೆ ಹೇರೋದಲ್ಲ.

ನಮ್ಮಲ್ಲಿ ಶುಲ್ಕ ಬೇಡ, ಏಳು ಜನ ಸಾಕು. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು. ಎಲ್ಲರನ್ನೂ ನೋಡೋಕೆ ಆಗಲ್ಲ. ನಿಮ್ಮ ಬೀದಿಯ ಇಬ್ಬರನ್ನ ನೋಡಿ. ನಮ್ಮ ಸಭೆಯವರೇ ಆಗಿರಬೇಕು ಅಂತಿಲ್ಲ.

ಮೊದಲು, ಕೇಳಿ. ಮನೆಗೆ ಹೋದ ತಕ್ಷಣ ಸಾಮಾನು ಎತ್ತಿಡಬೇಡಿ. ಬಾತ್‌ರೂಮಲ್ಲಿ ಹಿಡಿಕೆ ಇದೆಯಾ, ರಾತ್ರಿ ದಾರಿಗೆ ದೀಪ ಇದೆಯಾ, ಜಾರುವ ಮ್ಯಾಟ್ ಇದೆಯಾ ಅಂತ ಅವರ ಜೊತೆಗೇ ನೋಡಿ.

ಎರಡನೆಯದು, ದಿನ ಗೊತ್ತುಮಾಡಿ. ‘ಏನಾದ್ರೂ ಬೇಕಾದ್ರೆ ಹೇಳಿ’ ಅಂದರೆ ಯಾರೂ ಹೇಳಲ್ಲ. ‘ಬುಧವಾರ ಆರು ಗಂಟೆಗೆ ಬರ್ತೀನಿ’ ಅಂದರೆ ಪಟ್ಟಿ ಬರೆದಿಟ್ಟಿರ್ತಾರೆ. ನವೆಂಬರಲ್ಲಿ ಪಿಂಚಣಿಯವರು ಜೀವನ ಪ್ರಮಾಣಪತ್ರ ಕೊಡಬೇಕು, ಅದನ್ನ ಮೊಬೈಲಲ್ಲೇ ಮಾಡೋಕೆ ನಿಮಗೆ ಬರುತ್ತೆ, ಅವರಿಗೆ ಕಷ್ಟ.

ಮೂರನೆಯದು, ನಂಬಿಕೆ ಕಾಪಾಡಿ. ಇಬ್ಬರಾಗಿ ಹೋಗಿ. ಎಟಿಎಂ ಪಿನ್, ಒಟಿಪಿ ಕೇಳಬೇಡಿ. ಅವರಾಗಿ ಹೇಳಿದರೂ ಬೇಡ ಅನ್ನಿ. ಅವರ ಮನೆಯ ಫೋಟೋ ಸ್ಟೇಟಸ್‌ಗೆ ಹಾಕಬೇಡಿ.

ನಾಲ್ಕನೆಯದು, ನಿಮ್ಮ ಮಿತಿ ತಿಳಿದಿರಿ. ನಾವು ನರ್ಸುಗಳಲ್ಲ. ಬಿದ್ದಿದ್ದರೆ, ಮರೆವು ಹೆಚ್ಚಾದರೆ, ಮನೆಯವರಿಗೂ ಡಾಕ್ಟರಿಗೂ ತಿಳಿಸಬೇಕು. ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿ ಇದೆ, ಈಗಲೇ ಸೇವ್ ಮಾಡಿಕೊಳ್ಳಿ. ಕೆಲವರಿಗೆ ಮನೆ ಬಿಡುವ ದಿನ ಬರಬಹುದು. ಅದು ಸೋಲಲ್ಲ. ಆದರೆ ಒಂದು ಬಲ್ಬಿಗಾಗಿ ಆ ದಿನ ಬರಬಾರದು.

ಆ ತಾಯಿ ಇನ್ನೂ ಅದೇ ಮನೆಯಲ್ಲಿದ್ದಾರೆ. ಮಳೆ ಬಂದ ಭಾನುವಾರ ಇಳಿಯಲ್ಲ, ನಾವು ಇಬ್ಬರು ಹೋಗ್ತೀವಿ. ಈಗ ಅವರು ದಿನಾ ಬೆಳಗ್ಗೆ ಎಂಟಕ್ಕೆ, ಒಬ್ಬರೇ ಇರುವ ಇನ್ನೊಬ್ಬ ಅಜ್ಜಿಗೆ ಫೋನ್ ಮಾಡಿ ಎದ್ದಿದ್ದೀರಾ ಅಂತ ವಿಚಾರಿಸ್ತಾರೆ. ನಮ್ಮ ಏಳು ಜನರ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ. ಇನ್ನು ಆರು ಬೇಕು. ಹಾಳೆ ಹಿಂದಿನ ಮೇಜಿನ ಮೇಲಿದೆ.

ಎದ್ದು ನಿಂತು ಪ್ರಾರ್ಥಿಸೋಣ. ಕರ್ತನೇ, ನಮ್ಮ ಕಣ್ಣಿಗೆ ಬೀಳದವರನ್ನ ನೀನು ನೋಡಿದ್ದೀ. ನಮ್ಮನ್ನ ಆತ್ಮದಿಂದ ತುಂಬಿಸಿ ಅವರ ಬಾಗಿಲಿಗೆ ಕಳಿಸು. ಯೇಸುವಿನ ನಾಮದಲ್ಲಿ, ಆಮೆನ್.