ಚೆಂಡಿಲ್ಲದ ನಾಲ್ವರು

ಆ ವರ್ಷ ನನ್ನ ಬಳಿ ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಅದರ ತುಂಬ ಹನ್ನೊಂದು ಪ್ಲೇಗಳು. ಬಾಣ, ಸೊನ್ನೆ, ಅಡ್ಡಗೆರೆ, ಎಲ್ಲವೂ ಎರಡು ಬಣ್ಣದ ಪೆನ್ನಿನಲ್ಲಿ. ಮಂಡ್ಯ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಲು ಹೊರಟವನು ನಾನು. ಆ ನೋಟ್‌ಬುಕ್ಕೇ ಕೋಚಿಂಗ್ ಎಂದು ನಂಬಿದ್ದೆ.

ಜಿಲ್ಲಾ ಮಟ್ಟದ ಪಂದ್ಯದಲ್ಲಿ ಎದುರಾಳಿಗಳು ಅದರ ಮೊದಲ ಪುಟ ತೆರೆಯಲೂ ಬಿಡಲಿಲ್ಲ. ನಾವು ಬೇಸ್‌ಲೈನಿನಿಂದ ಚೆಂಡು ಒಳಗೆ ಕೊಟ್ಟ ಕೂಡಲೇ ಫುಲ್ ಕೋರ್ಟ್ ಪ್ರೆಸ್, ಅಂದರೆ ಇಡೀ ಅಂಕಣದಲ್ಲಿ ಮುತ್ತಿಗೆ. ನಮ್ಮ ಪಾಯಿಂಟ್ ಗಾರ್ಡ್ ಡ್ರಿಬಲ್ ಮಾಡುತ್ತ ಸೈಡ್‌ಲೈನಿನ ಕಡೆ ಓಡುವಳು. ಅಲ್ಲಿ ಇಬ್ಬರು ಕೈ ಅಗಲಿಸಿ ಕಾದಿರುವರು. ಒಂದು ಕಡೆ ಗೆರೆ, ಎರಡು ಕಡೆ ಕೈಗಳು. 8 ಸೆಕೆಂಡಿನೊಳಗೆ ಚೆಂಡು ಅರ್ಧ ಅಂಕಣ ದಾಟಬೇಕು. ದಾಟಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ನಾನು ಕೂಗಿದೆ, ಬೈದೆ, ಕೊನೆಗೆ ಅವಳನ್ನು ಎಲ್ಲರೆದುರು ಬೆಂಚಿಗೆ ಕರೆದು ಕೂರಿಸಿದೆ. ಅವಳ ಬದಲು ಹೋದವಳಿಗೂ ಅದೇ ಗತಿಯಾಯಿತು. ಮರುದಿನ ಅವಳು ಅಭ್ಯಾಸಕ್ಕೆ ಬರಲಿಲ್ಲ. ಆಮೇಲೂ ಬರಲಿಲ್ಲ.

ವಾರದ ನಂತರ, ಒಬ್ಬ ಹುಡುಗಿಯ ಅಣ್ಣ ಮೊಬೈಲಿನಲ್ಲಿ ಹಿಡಿದ ವಿಡಿಯೊ ಕೈಗೆ ಬಂತು. ಎರಡನೇ ಸಲ ನೋಡುವಾಗ ಕಣ್ಣು ತಾನಾಗಿ ಉಳಿದ ನಾಲ್ವರ ಮೇಲೆ ಹೋಯಿತು. ಇಬ್ಬರು ಅರ್ಧಗೆರೆಯ ಆಚೆ ಬಸ್ಸಿಗೆ ಕಾಯುವವರಂತೆ ನಿಂತಿದ್ದರು. ಒಬ್ಬಳು ಎದುರಾಳಿಯ ಬೆನ್ನ ಹಿಂದೆ ನಿಂತು ಕೈ ಎತ್ತಿದ್ದಳು. ಚೆಂಡು ಒಳಗೆ ಕೊಟ್ಟವಳು ಕೊಟ್ಟ ಜಾಗದಿಂದ ಕದಲಿರಲಿಲ್ಲ. ಕದಲು ಎಂದು ನಾನು ಯಾವತ್ತೂ ಹೇಳಿಯೂ ಇರಲಿಲ್ಲ. ನೋಟ್‌ಬುಕ್ಕಿನ ಬಾಣಗಳೆಲ್ಲ ಚೆಂಡಿನ ಹಿಂದೆಯೇ ಓಡುತ್ತಿದ್ದವು.

ಆ ರಾತ್ರಿ ಒಂದು ಸುಲಭದ ಲೆಕ್ಕ ಹಾಕಿದೆ. ಪಂದ್ಯ 40 ನಿಮಿಷ, ಅಂಕಣದಲ್ಲಿ ಹತ್ತು ಮಂದಿ, ಚೆಂಡು ಒಂದು. ಸಮನಾಗಿ ಹಂಚಿದರೂ ತಲೆಗೆ 4 ನಿಮಿಷ. ಉಳಿದ 36 ನಿಮಿಷ ಚೆಂಡಿಲ್ಲದ ಆಟ. ನಾನು ಕಲಿಸಿದ್ದೆಲ್ಲ ಆ 4 ನಿಮಿಷಕ್ಕೆ.

ಡಿಫೆನ್ಸಿನಿಂದ ಮತ್ತೆ ಶುರುಮಾಡಿದೆ. ನಾಲ್ವರ ವಿರುದ್ಧ ನಾಲ್ವರ ಶೆಲ್ ಡ್ರಿಲ್: ಚೆಂಡು ಬಲಕ್ಕಿದ್ದರೆ ಎಡಗಡೆಯವಳು ತಾನು ಕಾಯುವ ಆಟಗಾರ್ತಿಗೆ ಅಂಟಿಕೊಳ್ಳದೆ ಬುಟ್ಟಿಯ ಎದುರಿನ ನಡುಭಾಗಕ್ಕೆ ಜರುಗಬೇಕು, ಯಾರಾದರೂ ನುಗ್ಗಿ ಬಂದರೆ ಅಡ್ಡ ಬರಬೇಕು. ಹೆಲ್ಪ್ ಸೈಡ್, ಹೆಲ್ಪ್ ಲೈನ್ ಎಂದು ಎರಡು ವಾರ ಗಂಟಲು ಹರಿದುಕೊಂಡೆ. ತಲೆ ಆಡಿಸುವರು, ಕಾಲು ಆಡಿಸರು. ಒಂದು ಸಂಜೆ, ಮೊದಲು ಕಬಡ್ಡಿ ಆಡುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಇದು ಕಬಡ್ಡಿ ಚೈನ್ ಥರಾನಾ?’

ಅಷ್ಟೇ ಸಾಕಾಯಿತು. ರೈಡರ್ ಬಲಮೂಲೆಗೆ ಹೊರಳಿದರೆ ಎಡಮೂಲೆಯವಳೂ ಜರುಗುತ್ತಾಳೆ. ಅದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ನಾನು ಸೇರಿಸಿದ್ದು ಒಂದು ವ್ಯತ್ಯಾಸ ಮಾತ್ರ. ಕಬಡ್ಡಿಯಲ್ಲಿ ಒಳಗೆ ಬಂದ ಶತ್ರು ಒಬ್ಬಳೇ. ಇಲ್ಲಿ ಇನ್ನೂ ನಾಲ್ವರಿದ್ದಾರೆ, ನೀನು ಜರುಗಿದ ಮೇಲೆ ನಿನ್ನವಳು ಖಾಲಿ. ಆದ್ದರಿಂದ ಒಂದು ಕೈ ಚೆಂಡಿನ ಕಡೆ ತೋರಿಸು, ಇನ್ನೊಂದು ಕೈ ನಿನ್ನವಳ ಕಡೆ. ಎರಡೂ ಕಾಣದಿದ್ದರೆ ನೀನು ನಿಂತ ಜಾಗ ತಪ್ಪು. ಪಾಸ್ ಗಾಳಿಯಲ್ಲಿರುವಾಗಲೇ ಜರುಗಬೇಕು. ಚೆಂಡು ಕೈಗೆ ಸೇರಿದ ಮೇಲೆ ಹೊರಟರೆ ತಡವಾಯಿತು.

ಇನ್ನೊಂದು ತೊಡಕು, ಬಾಯಿ. ತರಗತಿಯಲ್ಲಿ ಸುಮ್ಮನಿರಿ ಎಂದು ಬೈಸಿಕೊಳ್ಳುವ ಹುಡುಗಿಯರು ಅಂಕಣಕ್ಕೆ ಇಳಿದರೆ ಮೂಗಿಯರು. ಹಿಂದಿನಿಂದ ಎದುರಾಳಿಯೊಬ್ಬಳು ದಾರಿಗೆ ಅಡ್ಡ ನಿಲ್ಲುವ ಸ್ಕ್ರೀನ್ ಬಂದದ್ದನ್ನು ಒಬ್ಬಳಾದರೂ ಕೂಗದಿದ್ದರೆ, ಮುಂದಿನವಳು ಗೋಡೆಗೆ ಗುದ್ದಿದಂತೆ ಗುದ್ದಿಕೊಳ್ಳುತ್ತಾಳೆ. ನಾನು ಕಲಿಸಿದ್ದ ಇಂಗ್ಲಿಷ್ ಪದಗಳು ಆತುರದಲ್ಲಿ ಅವರ ನಾಲಿಗೆಗೆ ಬರುತ್ತಿರಲಿಲ್ಲ. ‘ನಿಮಗೆ ಬಂದ ಹಾಗೆ ಕೂಗಿ’ ಎಂದೆ. ಸ್ಕ್ರೀನ್ ಬಂದರೆ ‘ಎಡಕ್ಕೆ ಅಡ್ಡ!’ ಅಥವಾ ‘ಬಲಕ್ಕೆ ಅಡ್ಡ!’ ಹಿಂದೆ ನೆರವಿಗೆ ನಿಂತವಳದು ‘ನಾನಿದ್ದೀನಿ!’ ಆ ಒಂದು ಮಾತು ಕಿವಿಗೆ ಬಿದ್ದರೆ ಮುಂದಿನವಳು ಧೈರ್ಯವಾಗಿ ಚೆಂಡಿನ ಮೇಲೆ ಬೀಳುತ್ತಿದ್ದಳು. ನನ್ನ ಯಾವ ಭಾಷಣವೂ ಅಷ್ಟು ಕೆಲಸ ಮಾಡಿರಲಿಲ್ಲ.

ಒಬ್ಬೊಬ್ಬಳು ಎದುರಾಳಿಯನ್ನಲ್ಲ, ಒಂದೊಂದು ಜಾಗವನ್ನು ಕಾಯುವ ಝೋನಿನ ಆಸೆಗೂ ಬಿದ್ದಿದ್ದೆ, ಅದನ್ನೂ ಹೇಳಬೇಕು. ಶಾಲಾ ಪಂದ್ಯಗಳಲ್ಲಿ ದೂರದಿಂದ ಗುರಿಯಿಟ್ಟು ಹಾಕುವವರು ಕಡಿಮೆ. 2-3 ಝೋನ್ ಹಾಕಿ ಬುಟ್ಟಿಯ ಕೆಳಗೆ ಗುಂಪು ಕಟ್ಟಿದರೆ ಸಲೀಸಾಗಿ ಗೆಲ್ಲಬಹುದು. ಎರಡು ಪಂದ್ಯ ಗೆದ್ದೆವು ಕೂಡ. ಮೂರನೆಯದರಲ್ಲಿ ಎದುರಿಗೆ ಇಬ್ಬರು ಒಳ್ಳೆಯ ಶೂಟರ್‌ಗಳಿದ್ದರು. ನಮ್ಮವರು ಜಾಗ ಕಾಯುತ್ತಿದ್ದರೇ ಹೊರತು ಮನುಷ್ಯರನ್ನಲ್ಲ. ರಿಬೌಂಡ್ ಬಂದಾಗ ಯಾರು ಯಾರನ್ನು ಬೆನ್ನಿನಿಂದ ತಡೆಯಬೇಕೆಂಬುದೂ ಗೊತ್ತಿರಲಿಲ್ಲ. ಝೋನ್ ಕೆಟ್ಟದ್ದಲ್ಲ. ಒಬ್ಬಳನ್ನು ಕಾಯಲು ಬಾರದವರ ಕೈಗೆ ಅದನ್ನು ಕೊಟ್ಟದ್ದು ಕೆಟ್ಟದ್ದು.

ಆಫೆನ್ಸಿನಲ್ಲಿ ನೋಟ್‌ಬುಕ್ ಮುಚ್ಚಿಟ್ಟೆ. ಸಿಮೆಂಟ್ ಅಂಕಣದ ಮೇಲೆ ಸೀಮೆಸುಣ್ಣದಲ್ಲಿ ಐದು ಸೊನ್ನೆ ಬರೆದೆ, ಒಂದಕ್ಕೂ ಇನ್ನೊಂದಕ್ಕೂ ನಾಲ್ಕೈದು ಮೀಟರ್ ದೂರ. ಎದುರಾಳಿಯೊಬ್ಬಳು ಒಂದೇ ಹೆಜ್ಜೆಯಲ್ಲಿ ಇಬ್ಬರನ್ನು ಕಾಯುವಂತಿದ್ದರೆ ನೀವು ಹತ್ತಿರ ಬಂದಿದ್ದೀರಿ ಎಂದರ್ಥ. ನಿಯಮ ಮೂರೇ: ಪಾಸ್ ಕೊಟ್ಟವಳು ಬುಟ್ಟಿಗೆ ನುಗ್ಗಬೇಕು, ಖಾಲಿಯಾದ ಸೊನ್ನೆಗೆ ಪಕ್ಕದವಳು ಬರಬೇಕು, ಡ್ರಿಬಲ್ ಇಲ್ಲ. ಮೊದಲ ದಿನ ಸಂತೆ. ಚೆಂಡು ಎಲ್ಲಿಯೋ ಅಲ್ಲಿಗೇ ಎಲ್ಲರೂ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಎರಡನೇ ವಾರಕ್ಕೆ, ಪಾಸ್ ಕೊಟ್ಟು ಸುಮ್ಮನೆ ನುಗ್ಗಿದವಳ ಹಿಂದೆ ಒಬ್ಬ ಡಿಫೆಂಡರ್ ಓಡಿದರೆ ಅಂಕಣದ ಮಧ್ಯೆ ಬಾಗಿಲು ತೆರೆದಂತಾಗುತ್ತದೆ ಎಂದು ಅವರೇ ಕಂಡುಕೊಂಡರು. ಪ್ರೆಸ್ಸಿಗೂ ಮದ್ದು ಅಲ್ಲೇ ಇತ್ತು: ಗೆರೆಯ ಕಡೆ ಡ್ರಿಬಲ್ ಬೇಡ, ಒಬ್ಬಳು ನಡುಅಂಕಣಕ್ಕೆ ಓಡಿ ಬರಲಿ, ಇನ್ನೊಬ್ಬಳು ಚೆಂಡಿಗಿಂತ ಹಿಂದೆ ನಿಲ್ಲಲಿ, ಚೆಂಡು ಗಾಳಿಯಲ್ಲಿ ದಾಟಲಿ.

2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ತಂಡವನ್ನು ಕರೆದುಕೊಂಡು ಹೋಗಿ ಒಂದು ಷರತ್ತು ಹಾಕಿದೆ: ತಲಾ ಒಬ್ಬ ಆಟಗಾರ್ತಿಯನ್ನು ಆರಿಸಿಕೊಳ್ಳಿ, ಹತ್ತು ನಿಮಿಷ ಚೆಂಡು ನೋಡಬೇಡಿ. ಗೊಣಗಿದರು. ಆಮೇಲೆ ಒಬ್ಬಳು ಹೇಳಿದಳು: ‘ಸಾರ್, ನನ್ನವಳಿಗೆ ನಾಲ್ಕೇ ಸಲ ಚೆಂಡು ಸಿಕ್ಕಿದ್ದು. ಆದ್ರೂ ಒಂದು ಗಳಿಗೆ ನಿಲ್ಲಲಿಲ್ಲ.’ ಡಿವಿಷನ್ ಬಿ ಫೈನಲಿನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ಡಿವಿಷನ್ನಿಗೆ ಏರಿತು. ಎರಡೇ ಅಂಕ. ಚೆಂಡು ಕೈಯಲ್ಲಿಲ್ಲದ ಒಬ್ಬಳು ಒಂದು ಸಲ ಅಡ್ಡ ಬಂದರೆ ಉಳಿಯುವುದು ಅಷ್ಟೇ ಎಂದು ವಾಪಸು ಬರುವ ಬಸ್ಸಿನಲ್ಲಿ ಹೇಳಿದೆ.

ಆ ವರ್ಷ, ಹಿಂದೆ ಪ್ರೆಸ್ ಹಾಕಿದ್ದ ಅದೇ ಎದುರಾಳಿಗಳು ಮತ್ತೆ ಸಿಕ್ಕರು. ಟೈಮ್‌ಔಟ್ ಸಿಗುವುದು ಒಂದು ನಿಮಿಷ. ಹಿಂದೆ ಅದರಲ್ಲಿ ಆರು ವಿಷಯ ತುರುಕುತ್ತಿದ್ದವನು ಈ ಸಲ ಒಂದೇ ಹೇಳಿದೆ. ಆದರೂ ಸೋತೆವು, ಏಳು ಅಂಕಗಳಿಂದ. 8 ಸೆಕೆಂಡಿನ ತಪ್ಪು ಮಾತ್ರ ಇಡೀ ಪಂದ್ಯದಲ್ಲಿ ಒಂದೇ ಒಂದು. ಅದೂ ಆದಾಗ, ಚೆಂಡು ಹಿಡಿದವಳನ್ನು ನಾನು ಬೈಯಲಿಲ್ಲ.

ಹೊಸದಾಗಿ ಶೀಟಿ ಕೊರಳಿಗೆ ಹಾಕಿಕೊಂಡವರಿಗೆ ನನ್ನದೊಂದೇ ಮಾತು. ಚೆಂಡು ಕಳೆದುಕೊಂಡವಳ ಹೆಸರು ಹಿಡಿದು ಕೂಗುವ ಮುನ್ನ, ಉಳಿದ ನಾಲ್ವರು ಎಲ್ಲಿ ನಿಂತಿದ್ದರು ನೋಡಿ. ಅಲ್ಲಿ ನಿಲ್ಲಲು ಅವರಿಗೆ ಹೇಳಿಕೊಟ್ಟವರು ಯಾರು ಎಂದೂ ಕೇಳಿಕೊಳ್ಳಿ.