ಸಮವಸ್ತ್ರ ಮತ್ತು ನ್ಯಾಯದ ತಕ್ಕಡಿ

ಮಖ್‌ಝೂಮ್ ಗೋತ್ರದ ಒಬ್ಬ ಮಹಿಳೆ ಕಳ್ಳತನದಲ್ಲಿ ಸಿಕ್ಕಿಬಿದ್ದಳು. ಪ್ರತಿಷ್ಠಿತ ಮನೆತನದವಳಾದ ಅವಳ ಶಿಕ್ಷೆಯನ್ನು ತಪ್ಪಿಸಬೇಕೆಂದು ಕುರೈಶರು ಬಯಸಿದರು. ಪ್ರವಾದಿವರ್ಯರಿಗೆ(ಸ) ಅತ್ಯಂತ ಪ್ರಿಯರಾಗಿದ್ದ ಉಸಾಮಾ(ರ) ಶಿಫಾರಸಿಗೆ ಹೋದಾಗ ಪ್ರವಾದಿಯವರ(ಸ) ಮುಖ ಕೆಂಪೇರಿತು. ಗಣ್ಯನು ಕದ್ದರೆ ಬಿಟ್ಟುಬಿಡುವುದು, ದುರ್ಬಲನು ಕದ್ದರೆ ಶಿಕ್ಷಿಸುವುದು, ಇದೇ ಹಿಂದಿನ ಜನಾಂಗಗಳನ್ನು ನಾಶಮಾಡಿತೆಂದು ಅವರು ಜನರಿಗೆ ತಿಳಿಸಿದರು. ತನ್ನ ಮಗಳು ಫಾತಿಮಾ ಕದ್ದರೂ ಶಿಕ್ಷೆ ಒಂದೇ ಎಂದರು. ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿ ಈ ಹದೀಸ್ ಇದೆ.

ಅಧಿಕಾರವು ವಿನಾಯಿತಿಯ ಚೀಟಿಯಲ್ಲ, ಅದು ಅಮಾನತ್. ಬದ್ರ್‌ನಲ್ಲಿ ಸಾಲುಗಳನ್ನು ಸರಿಪಡಿಸುವಾಗ ಪ್ರವಾದಿಯವರ(ಸ) ಕೈಯಲ್ಲಿದ್ದ ಬಾಣ ಸವಾದ್(ರ)ರ ಹೊಟ್ಟೆಗೆ ತಾಗಿತು. ಅವರು ಪ್ರತೀಕಾರ ಕೇಳಿದಾಗ ಪ್ರವಾದಿಯವರು(ಸ) ಕೂಡಲೇ ತಮ್ಮ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ನಿಂತರೆಂದು ಸೀರಾ ಗ್ರಂಥಗಳು ಹೇಳುತ್ತವೆ. ಸವಾದ್(ರ) ಹೊಡೆಯಲಿಲ್ಲ, ಅಪ್ಪಿಕೊಂಡು ಮುತ್ತಿಟ್ಟರು. ಆದರೆ ಕೇಳುವ ಹಕ್ಕು ಅವರಿಗಿತ್ತು.

ನಮ್ಮ ನಾಡಿನ ಒಂದು ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. 1987ರ ಮೇ 22ರಂದು ಉತ್ತರ ಪ್ರದೇಶದ ಮೀರತ್‌ನ ಹಾಶಿಂಪುರದಿಂದ 40ಕ್ಕೂ ಹೆಚ್ಚು ಮುಸ್ಲಿಮರನ್ನು ಸಶಸ್ತ್ರ ಪೊಲೀಸ್ ಪಡೆಯಾದ ಪಿ.ಎ.ಸಿ.ಯವರು ಟ್ರಕ್ಕಿನಲ್ಲಿ ಕೊಂಡೊಯ್ದರು. ಅವರಿಗೆ ಗುಂಡಿಕ್ಕಿ ಶವಗಳನ್ನು ಕಾಲುವೆಗೆಸೆದರು. ಬದುಕುಳಿದವರು ಕೆಲವರು ಮಾತ್ರ. ಆರೋಪಪಟ್ಟಿ ಸಲ್ಲಿಕೆಯಾದದ್ದು 1996ರಲ್ಲಿ. ವಾರಂಟುಗಳು ಹೊರಟರೂ ಆರೋಪಿಗಳು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಬರಲಿಲ್ಲ, ನೌಕರಿಯಲ್ಲೇ ಇದ್ದರು. 2015ರಲ್ಲಿ 16 ಮಂದಿ ಖುಲಾಸೆಯಾದರು. 2018ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟ್ ಆ ತೀರ್ಪನ್ನು ರದ್ದುಪಡಿಸಿ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಷ್ಟರಲ್ಲಿ 31 ವರ್ಷಗಳು ಕಳೆದಿದ್ದವು. ಬಡವನ ಮಗನ ಮೇಲೆ ವಾರಂಟ್ ಇದ್ದರೆ ಪೊಲೀಸರು ಇಷ್ಟು ಕಾಲ ಕಾಯುತ್ತಾರೆಯೇ?

ಆದರೆ ಇದೇ ಪ್ರಕರಣದಲ್ಲಿ ಇನ್ನೊಂದು ಪಾಠವೂ ಇದೆ. ಪಿ.ಎ.ಸಿ.ಯವರ ವಿರುದ್ಧ ಮೊದಲು ಮೊಕದ್ದಮೆ ದಾಖಲಿಸಿದವರೂ ಪೊಲೀಸರೇ. ಆಗ ಗಾಝಿಯಾಬಾದ್‌ನ ಎಸ್.ಪಿ.ಯಾಗಿದ್ದ ವಿಭೂತಿ ನಾರಾಯಣ ರಾಯ್ ತಮ್ಮ ಇಲಾಖೆಯವರೆಂದು ಮುಚ್ಚಿಡಲಿಲ್ಲ. ಸ್ವತಃ ನಿಮ್ಮ ವಿರುದ್ಧವಾದರೂ, ಹೆತ್ತವರ ಹಾಗೂ ಬಂಧುಗಳ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿರೆಂದು ಅಲ್ಲಾಹನು ಆಜ್ಞಾಪಿಸಿದ್ದಾನೆ (ಅನ್ನಿಸಾ: 135). ಒಂದು ಜನತೆಯ ಮೇಲಿನ ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ತಳ್ಳಬಾರದೆಂದೂ ಎಚ್ಚರಿಸಿದ್ದಾನೆ (ಅಲ್‌ಮಾಇದಃ: 8). ಆದ್ದರಿಂದ ಕೆಲವರ ಅಪರಾಧಕ್ಕಾಗಿ ಖಾಕಿ ತೊಟ್ಟವರೆಲ್ಲರನ್ನೂ ಶಪಿಸುವುದು ವಿಶ್ವಾಸಿಗೆ ಸಲ್ಲದು.

ಸಹೋದರ ಸಹೋದರಿಯರೇ, ಪೊಲೀಸನ ವಿನಾಯಿತಿಯನ್ನು ಖಂಡಿಸುವ ನಾವು ನಮ್ಮ ಮನೆಯಲ್ಲಿ ಏನು ಮಾಡುತ್ತಿದ್ದೇವೆ? ಮಗನು ಬೈಕಿನಲ್ಲಿ ಯಾರಿಗಾದರೂ ಡಿಕ್ಕಿ ಹೊಡೆದರೆ ಠಾಣೆಗೆ ಮೊದಲು ಹೋಗುವುದು ಸತ್ಯವೋ, ಶಿಫಾರಸೋ? ಲಂಚ ಕೊಟ್ಟು ಕೇಸು ಮುಚ್ಚಿಸಿದವನು ತನ್ನ ಕೈಯಿಂದಲೇ ತಕ್ಕಡಿಯನ್ನು ವಾಲಿಸಿದ್ದಾನೆ. ಅನ್ಯಾಯ ಕಂಡಾಗ ಭಯಪಡದೆ ಸಾಕ್ಷಿ ಹೇಳೋಣ. ಕಾನೂನಿನ ದಾರಿಯಲ್ಲಿ ತಾಳ್ಮೆಯಿಂದ ಹೋರಾಡೋಣ. ನಮ್ಮವರು ತಪ್ಪು ಮಾಡಿದಾಗಲೂ ಅದೇ ನಾಲಗೆಯಿಂದ ಸತ್ಯ ನುಡಿಯೋಣ. ವಾರಂಟನ್ನು ಮರೆಸಿ ಬದುಕಬಹುದು, ಆದರೆ ಪರಲೋಕದ ವಿಚಾರಣೆಗೆ ಗೈರುಹಾಜರಾಗಲು ಯಾರಿಗೂ ಸಾಧ್ಯವಿಲ್ಲ.